ಅಜ್ಜನ ತಿದಿ, ಅಪ್ಪನ ಬೂಟು

ಮನೆಯಿಂದ ಯಾರಾದರೂ ಹೊರಟರೆ ಉಳಿದವರು "ಹೋಗಿ ಬಾ" ಅನ್ನುತ್ತಾರೆ, ಇಲ್ಲವೇ "ಜೋಪಾನ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೇಳುವುದು "ಕಾಲು ಜಾಗ್ರತೆ". ಮೊನ್ನೆ ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಮಗಳನ್ನು ಕೊಚ್ಚಿಯ ರೈಲಿಗೆ ಹತ್ತಿಸುವಾಗಲೂ ನನ್ನ ಬಾಯಿಂದ ಅದೇ ಬಂತು. ಅವಳು ಅಲ್ಲಿ ದಿನವಿಡೀ ಕುರ್ಚಿಯ ಮೇಲೆ ಕೂತು ಕಂಪ್ಯೂಟರ್ ನೋಡುವವಳು. ಅವಳ ಕಾಲಿಗೆ ಬರಬಹುದಾದ ಅತಿ ದೊಡ್ಡ ಗಂಡಾಂತರವೆಂದರೆ ಜೋಮು ಹಿಡಿಯುವುದು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

"ಎಂಡೆ ಅಮ್ಮೇ, ಞಾನ್ ಟ್ರೇನಿಲಲ್ಲೇ ಪೋಣದು?"

ರೈಲಿನಲ್ಲಿ ಹೋಗುವವಳಿಗೆ ಕಾಲಿನ ಉಪದೇಶ ಯಾಕೆ ಎಂದು ಅವಳ ಪ್ರಶ್ನೆ. ಅಷ್ಟರಲ್ಲಿ ರೈಲು ಹೊರಟಿತು. ಹೊರಡದಿದ್ದರೂ ಕಿಟಕಿಯ ಹೊರಗೆ ನಿಂತು ಹೇಳಿ ಮುಗಿಸುವಷ್ಟು ಸಣ್ಣ ಉತ್ತರ ಅದಲ್ಲ. ಅದು ಶುರುವಾಗುವುದು ಫೋರ್ಟ್ ಕೊಚ್ಚಿಯ ನಮ್ಮ ಬಾಡಿಗೆ ಮನೆಯಿಂದ. ಆ ಓಣಿಯಲ್ಲಿ ಈಗ ಪ್ರವಾಸಿಗಳಿಗೆ ಕೋಣೆ ಕೊಡುವ ಬೋರ್ಡುಗಳಷ್ಟೇ ಕಾಣುತ್ತವೆ.

ಆ ಮನೆಗೆ ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ತಗಡಿನ ಶೆಡ್ಡು. ಮುಂದಿನ ಕೋಣೆಯಲ್ಲೇ ನಾವು ಮಲಗುತ್ತಿದ್ದೆವು, ಓದುತ್ತಿದ್ದೆವು, ಬಂದವರಿಗೆ ಚಹಾ ಕೊಡುತ್ತಿದ್ದೆವು, ಅವರು ಹೋದ ಮೇಲೆ ಜಗಳವಾಡುತ್ತಿದ್ದೆವು. ಅಮ್ಮ ಒಗ್ಗರಣೆ ಹಾಕಿದರೆ ಓಣಿಗೆಲ್ಲ ತಿಳಿಯುತ್ತಿತ್ತು. ಓಣಿಯವರು ಮೀನು ಹುರಿದರೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇವತ್ತು ಯಾವ ಮನೆಯಲ್ಲಿ ಎಂದು ಸರಿಯಾಗಿ ಹೇಳುತ್ತಿದ್ದರು. ಅಪ್ಪ ಪುತ್ತೂರಿನ ಕಡೆಯ ಕಮ್ಮಾರರ ಮನೆಯವರು. ಊರಿನ ಕುಲುಮೆಗೆ ಕೆಲಸ ಕಡಿಮೆಯಾದಾಗ ವೆಲ್ಡಿಂಗ್ ಕಲಿತು, ಮೀನುಗಾರಿಕೆಯ ಬೋಟು ರಿಪೇರಿ ಮಾಡಿಸುವ ಒಬ್ಬ ಕಾಂಟ್ರಾಕ್ಟರನ ಕೈಕೆಳಗೆ ಇಲ್ಲಿಗೆ ಬಂದಿದ್ದರು. ವಾರವೆಲ್ಲ ಬೋಟ್ ಯಾರ್ಡಿನಲ್ಲಿ, ಭಾನುವಾರ ನಮ್ಮ ಶೆಡ್ಡಿನಲ್ಲಿ ಗೇಟು, ಕಿಟಕಿಯ ಸರಳು ಎಂದು ಸ್ವಂತ ಕೆಲಸ. ಊರಿನಿಂದ ಅವರ ಜೊತೆಗೆ ಬಂದದ್ದು ಅಮ್ಮ, ಅಜ್ಜಿ ಮತ್ತು ಹಳೆ ಸೀರೆಯಲ್ಲಿ ಸುತ್ತಿಸಿಕೊಂಡು ಬಸ್ಸಿನುದ್ದಕ್ಕೂ ಅಜ್ಜಿಯ ತೊಡೆಯ ಮೇಲೆ ಕೂತು ಬಂದ ಅಜ್ಜನ ತಿದಿ. ತಿದಿ ಎಂದರೆ ಕುಲುಮೆಯ ಬೆಂಕಿಗೆ ಗಾಳಿ ಊದುವ ದೊಡ್ಡ ಚರ್ಮದ ಚೀಲ. ಅಜ್ಜ ತೀರಿಕೊಂಡು ಕುಲುಮೆ ಆರಿದ ಮೇಲೆ ಅದಕ್ಕೆ ಮಾಡಲು ಕೆಲಸವೇನೂ ಇರಲಿಲ್ಲ. ಅಡುಗೆಮನೆಯ ಹಲಗೆಯ ಮೇಲೆ, ದೇವರ ಪಟಗಳ ಪಕ್ಕದಲ್ಲಿ ಹಾಯಾಗಿ ಕೂತಿತ್ತು. ಅಜ್ಜಿ ದಿನಾ ಬೆಳಿಗ್ಗೆ ದೇವರಿಗೆ ಕುಂಕುಮ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ತಿದಿಗೆ ಹಚ್ಚುತ್ತಿದ್ದರು. ಕೆಲವು ದಿನ ತಿದಿಗೆ ಮೊದಲು, ದೇವರಿಗೆ ಆಮೇಲೆ. ವರ್ಷಕ್ಕೊಮ್ಮೆ ಹರಳೆಣ್ಣೆ ತಿಕ್ಕುತ್ತಿದ್ದರು, ಹಾಗಾಗಿ ಅಷ್ಟು ಹಳೆಯದಾದರೂ ಅದು ಮೆತ್ತಗೆ ಮಡಚಿ ಬಿಚ್ಚುವಂತಿತ್ತು.

ಒಳಗೆ ತಿದಿಗೆ ಇಷ್ಟು ಮರ್ಯಾದೆಯಿದ್ದರೆ ಅಪ್ಪನ ಬೂಟಿಗೆ ಹೊಸ್ತಿಲಿನ ಒಳಗೆ ಪ್ರವೇಶವೇ ಇರಲಿಲ್ಲ. ಹೊರಗಿನ ಮೆಟ್ಟಿಲಿನ ಪಕ್ಕ ಒಂದು ಕಲ್ಲು, ಮಳೆ ಬಂದರೆ ಮೇಲೆ ಮುಚ್ಚಲು ಎಣ್ಣೆ ಡಬ್ಬಿಯ ತಗಡು. ಅದೇ ಬೂಟಿನ ಮನೆ. ಸಂಜೆ ಅಪ್ಪ ಆ ಮೆಟ್ಟಿಲಿನ ಮೇಲೆ ಕೂತು ಬೂಟು ಬಿಚ್ಚಿ, ತಲೆಕೆಳಗು ಮಾಡಿ ಕಲ್ಲಿಗೆ ಕುಟ್ಟುತ್ತಿದ್ದರು. ಆಗ ಒಳಗಿನಿಂದ ಸಾಸಿವೆಯಂಥ ಕಬ್ಬಿಣದ ಕಾಳುಗಳು ಉದುರುತ್ತಿದ್ದವು. ಗಾಳಿಯಲ್ಲಿ ಹಾರುವಾಗ ಕಿಡಿಯಾಗಿದ್ದದ್ದು ತಣ್ಣಗಾದ ಮೇಲೆ ಆಗುವುದು ಅಷ್ಟೇ. ನಾನು ಅಯಸ್ಕಾಂತದ ತುಂಡಿನಿಂದ ಅವನ್ನೆಲ್ಲ ಎಬ್ಬಿಸಿ ಗಾಜಿನ ಭರಣಿಗೆ ತುಂಬುತ್ತಿದ್ದೆ. ಅಮ್ಮ ಮಾತ್ರ ಕಾಳು ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದಳು. ಒಳಗೆ ಕೈ ಹಾಕಿ, ಬೆರಳಿನಿಂದ ತಡವಿ, ಇವತ್ತು ಹೊಸ ತೂತು ಎಲ್ಲಿ ಬಿದ್ದಿದೆ ಎಂದು ಹುಡುಕುವುದು ಅವಳ ಸಂಜೆಯ ಕೆಲಸ.

ಅಮ್ಮನಿಗೆ ಗೊತ್ತಾದದ್ದೇನೆಂದರೆ, ಬೂಟಿನ ಮೈಗೆ ಕಿಡಿ ಹೆಚ್ಚೇನೂ ಮಾಡುವುದಿಲ್ಲ. ಬಿದ್ದು, ಜಾರಿ, ನೆಲಕ್ಕೆ ಹೋಗುತ್ತದೆ. ತೊಂದರೆಯೆಲ್ಲ ಅದು ನಿಲ್ಲುವ ಕಡೆ. ಲೇಸಿನ ಎಡೆಯಲ್ಲಿ, ಬೂಟಿನ ನಾಲಿಗೆಯ ಮೇಲೆ, ಪ್ಯಾಂಟಿನ ಕೆಳಗಿನ ಮಡಿಕೆಯಲ್ಲಿ ಕೂತು ಆರಾಮವಾಗಿ ಸುಡುತ್ತದೆ. ಅವಳು ಅಪ್ಪನ ಎಲ್ಲ ಪ್ಯಾಂಟುಗಳ ಮಡಿಕೆ ಬಿಚ್ಚಿ, ಬೂಟಿನ ಮೇಲೆ ಪೂರ್ತಿ ಇಳಿಯುವಷ್ಟು ಉದ್ದ ಮಾಡಿದಳು. ಅಪ್ಪ ನಡೆದರೆ ಓಣಿ ಗುಡಿಸಿದಂತಾಗುತ್ತಿತ್ತು. ಪ್ಯಾಂಟನ್ನು ಬೂಟಿನೊಳಗೆ ತುರುಕಿಕೊಂಡು ಬಂದ ದಿನ ಅವರಿಗೆ ಚಹಾ ಕೊಡುವ ಮೊದಲು ಬೈಗುಳ ಸಿಗುತ್ತಿತ್ತು, ಯಾಕೆಂದರೆ ಹಾಗೆ ಮಾಡಿದರೆ ಮೇಲಿನಿಂದ ಬಿದ್ದ ಕಿಡಿಗೆ ಬೂಟೇ ಬಾವಿ. ಲೇಸು ಸುಟ್ಟು ತುಂಡಾಗುವುದು ಮಾತ್ರ ಅವಳಿಂದಲೂ ತಪ್ಪಿಸಲಾಗಲಿಲ್ಲ. ಚರ್ಮದ ಹೊದಿಕೆ ಕಟ್ಟಿಕೊಳ್ಳುವುದು ದೊಡ್ಡ ಯಾರ್ಡುಗಳಲ್ಲಿ ರೂಢಿಯಿತ್ತಂತೆ. ಅಪ್ಪನ ಕಾಂಟ್ರಾಕ್ಟರನ ಹತ್ತಿರ ಕನ್ನಡಕ, ಕೈಗವಸು ಸಿಕ್ಕರೆ ಅದೇ ಪುಣ್ಯ.

ಇದೆಲ್ಲ ಯಾರ್ಡಿನ ಮಾತಾಯಿತು. ಭಾನುವಾರ ನಮ್ಮ ಶೆಡ್ಡಿನಲ್ಲಿ ಕೆಲಸ ಮಾಡುವಾಗ ಅಪ್ಪನ ಕಾಲಿಗೆ ಬೂಟೇ ಇರುತ್ತಿರಲಿಲ್ಲ. ಅದು ಅಜ್ಜಿಯ ಕಟ್ಟಳೆ. ಅಜ್ಜನ ಕುಲುಮೆಯೊಳಗೆ ಮೆಟ್ಟು ಹಾಕಿದವರು ಯಾರೂ ಇರಲಿಲ್ಲ, ಕತ್ತಿ ಮಾಡಿಸಲು ಬಂದ ಜಮೀನುದಾರರೂ ಹೊರಗೆ ಬಿಚ್ಚಿಟ್ಟೇ ಬರುತ್ತಿದ್ದರು. ಬೆಂಕಿ ಹೊತ್ತಿಸುವ ಜಾಗ ಎಂದರೆ ಅಜ್ಜಿಗೆ ಗುಡಿಗಿಂತ ಒಂದು ತೂಕ ಹೆಚ್ಚು. ಅಪ್ಪ ಅದನ್ನು ಎದುರಾಡಿದವರಲ್ಲ. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಚ್ಚಿ, ನೆಲ ಮುಟ್ಟಿ ನಮಸ್ಕರಿಸಿ, ಒದ್ದೆ ಗೋಣಿ ಹಾಸಿ ಅದರ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಹಿಡಿಯುತ್ತಿದ್ದರು. ಅಮ್ಮ ಅದಕ್ಕೆ ಜಗಳ ತೆಗೆಯುತ್ತಿದ್ದಳು.

"ಬೆಂಕಿಯ ಮುಂದೆ ಯಾರಾದ್ರೂ ಮೆಟ್ಟು ಹಾಕಿ ನಿಲ್ತಾರಾ? ನಿನ್ನ ಮಾವ ಒಂದು ದಿನ ಹಾಕಿದ್ದನ್ನು ನಾನು ನೋಡ್ಲಿಲ್ಲ," ಎಂದು ಅಜ್ಜಿ.

"ಮಾವ ಕಬ್ಬಿಣ ಕಾಯಿಸ್ತಿದ್ರು ಅತ್ತೆ. ಇವರು ಕರಗಿಸುದು. ಕರಗಿದ್ದು ಎಂತ, ಮೇಲೆ ಹಾರಿ ಹೋಗ್ತದಾ? ಕೆಳಗೇ ಬೀಳುದಲ್ವಾ?"

"ಯಾರ್ಡಿನಲ್ಲಿ ಹಾಕ್ಲಿ, ಬೇಡ ಹೇಳಿದೆನಾ? ಅದು ಅವರ ಬೆಂಕಿ. ಇದು ನಮ್ಮದು."

"ನಮ್ಮ ಬೆಂಕಿ ಅಂತ ಕಾಲು ಸುಡದೆ ಬಿಡ್ತದಾ?"

ಇಬ್ಬರೂ ಅಪ್ಪನ ಮುಖ ನೋಡುತ್ತಿದ್ದರು. ಎಷ್ಟೇ ದೊಡ್ಡ ಜಗಳಕ್ಕೂ ಅಪ್ಪನ ಹತ್ತಿರ ಇದ್ದದ್ದು ಒಂದೇ ಉತ್ತರ.

"ಊಟಕ್ಕೆ ಎಂತ ಉಂಟು?"

ಹತ್ತಿರದ ಒಂದು ಹಳೆಯ ಬಂಗಲೆ ಹೋಟೆಲಾಗುತ್ತಿದ್ದ ಕಾಲ ಅದು. ಅದರ ಬಾಲ್ಕನಿಯ ಕಂಬಿ ಕೆಲಸ ಅಪ್ಪನಿಗೆ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ, ಕಂಬಗಳ ಬುಡಕ್ಕೆಂದು ದಪ್ಪ ತಗಡನ್ನು ಗ್ಯಾಸಿನಲ್ಲಿ ಕತ್ತರಿಸುತ್ತಿದ್ದರು. ಗ್ಯಾಸಿನಲ್ಲಿ ಕತ್ತರಿಸುವಾಗ ಬೀಳುವುದು ಬರೀ ಕಿಡಿಯಲ್ಲ, ಕರಗಿದ ಕಬ್ಬಿಣವೇ ತೊಟ್ಟಿಕ್ಕುತ್ತದೆ. ಒಂದು ತೊಟ್ಟು ಗೋಣಿಯ ಬದಲು ಎಡಗಾಲಿನ ಹೆಬ್ಬೆರಳಿನ ಸಂದಿಗೆ ಬಿತ್ತು. ನಾನು ಅಡುಗೆಮನೆಯ ಹಿಂಬಾಗಿಲಲ್ಲಿ ಕೂತು ದೋಸೆ ತಿನ್ನುತ್ತಿದ್ದೆ. ಅಪ್ಪ ಕಿರುಚಲಿಲ್ಲ. ಮೊದಲು ಗ್ಯಾಸಿನ ತಿರುಪು ಮುಚ್ಚಿದರು, ಕತ್ತರಿಸುವ ಟಾರ್ಚನ್ನು ಅದರ ಕೊಕ್ಕೆಗೆ ಸಿಕ್ಕಿಸಿದರು, ಆಮೇಲೆ ಕುಸಿದು ಕೂತರು. ಅಮ್ಮ ಕೊಡದ ನೀರನ್ನು ಎತ್ತಿ ಸುರಿದಳು. ಅಜ್ಜಿ ಹೊಸ್ತಿಲಿನಲ್ಲಿ ಗೋಡೆ ಹಿಡಿದು ನಿಂತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ಉಳಿಸಿಕೊಟ್ಟರು. ಗಾಯ ಮಾಗುತ್ತದೆ, ಆದರೆ ಮೇಲೆ ಬರುವ ಚರ್ಮ ತೆಳ್ಳಗಿರುತ್ತದೆ, ಅದೇ ಜಾಗ ಇನ್ನೊಮ್ಮೆ ಸುಟ್ಟರೆ ಬೆರಳಿನ ಆಸೆ ಬಿಡಬೇಕು ಎಂದು ಎಚ್ಚರಿಸಿ ಕಳಿಸಿದರು. ಅಪ್ಪ ಮನೆಯಲ್ಲಿ ಕೂತ ದಿನಗಳಲ್ಲಿ ಮನೆ ಇನ್ನೂ ಚಿಕ್ಕದಾಯಿತು. ತಪ್ಪಾಯಿತು ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ, ಆಗಲೂ ಕೇಳಲಿಲ್ಲ. ಗಾಯಕ್ಕೆ ಸುತ್ತುವ ಬಟ್ಟೆಯನ್ನು ಮಾತ್ರ ಬೇರೆ ಯಾರಿಗೂ ಒಗೆಯಲು ಕೊಡುತ್ತಿರಲಿಲ್ಲ. ಒಂದು ದಿನ ಬಟ್ಟೆ ಮಡಚುತ್ತ ಗೋಡೆಗೆ ಹೇಳುವಂತೆ ಹೇಳಿದರು.

"ಇನ್ನು ಶೆಡ್ಡಿಗೂ ಅದನ್ನು ಹಾಕ್ಕೊಂಡೇ ಹೋಗ್ಲಿ."

ಅಮ್ಮ ಗೆದ್ದಿದ್ದಳು. ಆದರೆ ಗೆದ್ದು ಏನು ಪ್ರಯೋಜನ, ಬೂಟಿನ ಲೇಸಿನ ಎಡೆಯಿಂದ ಒಳಬಿದ್ದ ಕಿಡಿ ಜಾರಿ ಗಾಯದ ಕಡೆಗೇ ಹೋಗುತ್ತಿತ್ತು. ಮೇಲೊಂದು ಗಟ್ಟಿ ಹೊದಿಕೆ ಇಲ್ಲದೆ ಅಪ್ಪ ಮತ್ತೆ ಬೆಂಕಿಯ ಹತ್ತಿರ ಹೋಗುವಂತಿರಲಿಲ್ಲ. ಬೆಂಕಿಯ ಹತ್ತಿರ ಹೋಗದೆ ನಮ್ಮ ಒಲೆ ಉರಿಯುವಂತಿರಲಿಲ್ಲ. ಅಮ್ಮ ಯಾರನ್ನೂ ಕೇಳದೆ ತಾನೇ ದಾರಿ ಹುಡುಕಿದಳು. ಪಕ್ಕದ ಮನೆಯವರು ಎಸೆಯಲು ಇಟ್ಟಿದ್ದ ಹಳೆ ಸೋಫಾದಿಂದ ಒಳ್ಳೆ ದಪ್ಪದ, ಕಪ್ಪಗೆ ಹೊಳೆಯುವ ಚರ್ಮ ಸಿಕ್ಕಿತು. ಬೂಟಿನ ತುದಿಯಿಂದ ಕಣಕಾಲಿನವರೆಗೆ ಮುಚ್ಚುವಂತೆ ಅಳತೆ ತೆಗೆದು, ಸುತ್ತ ಅಂಚು ಮಡಚಿ, ಹಿಂದೆ ಕಟ್ಟಲು ಪಟ್ಟಿ ಇಟ್ಟು ಹೊಲಿದಳು. ಅಂಗಡಿಯದ್ದಕ್ಕಿಂತ ಚಂದ ಇತ್ತು. ಅಪ್ಪ ಅದನ್ನು ಕಟ್ಟಿಕೊಂಡು, ಸ್ವಲ್ಪ ಕುಂಟುತ್ತ, ಯಾರ್ಡಿಗೆ ಹೋದರು. ಮಧ್ಯಾಹ್ನದ ಊಟಕ್ಕೆ ಮೊದಲೇ ಅವರ ಜೊತೆ ಕೆಲಸ ಮಾಡುವ ಜೋಸೆಫ್‌ಚೇಟ್ಟನ್ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ನಮ್ಮ ಮನೆಯಲ್ಲಿ ಅವನ ಭಾಷೆ ಅರ್ಧ ಕನ್ನಡ, ಅರ್ಧ ಮಲಯಾಳ. ನಮಗೆ ಅವನು ಚೇಟ್ಟನ್, ಎಂದರೆ ಅಣ್ಣ, ಅವನಿಗೆ ಅಮ್ಮ ಚೇಚಿ, ಎಂದರೆ ಅಕ್ಕ.

"ಅದು ಚರ್ಮ ಅಲ್ಲ ಚೇಚೀ, ರೆಕ್ಸಿನ್. ಕಿಡಿ ಬಿದ್ದದ್ದೇ ಉರುಗಿಪ್ಪೋಯಿ."

ಕರಗಿ ಹೋಗಿತ್ತು. ಬೂಟಿನ ಮೇಲೆ ಬೆಂದ ಬೆಲ್ಲದಂತೆ ಅಂಟಿಕೊಂಡು, ಮನೆಯೆಲ್ಲ ಕೆಟ್ಟ ವಾಸನೆ. ಅಪ್ಪ ಕೂಡಲೇ ಬೂಟು ಕಿತ್ತೆಸೆದಿದ್ದರಿಂದ ಕಾಲಿಗೆ ಏನೂ ಆಗಿರಲಿಲ್ಲ. ಆದರೆ ಕಾಂಟ್ರಾಕ್ಟರ್ ಕಣ್ಣಾರೆ ನೋಡಿದ್ದ. ಆಯುಧ ಪೂಜೆಯ ರಜೆ ಮುಗಿದು ಬರುವಾಗ ಕಾಲಿಗೆ ಸರಿಯಾದ ಚರ್ಮದ ಹೊದಿಕೆ ಇದ್ದರೆ ಬರಲಿ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವನನ್ನು ನೋಡುತ್ತೇನೆ ಎಂದು ಹೇಳಿ ಕಳಿಸಿದ್ದ. ಜೋಸೆಫ್‌ಚೇಟ್ಟನ್ ಅದನ್ನು ಹೇಳುವಾಗ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ಚಪ್ಪಲಿ ಹೊಲಿಯುವವನ ಹತ್ತಿರ ಓಡಿದಳು. ಅವನಲ್ಲಿ ಇದ್ದದ್ದು ತೇಪೆ ಹಾಕುವ ತೆಳು ಚರ್ಮ. ದಪ್ಪದ್ದು ಬೇಕಾದರೆ ಹಬ್ಬ ಕಳೆಯಬೇಕು. ಅವಳು ವಾಪಸು ಬಂದವಳೇ ಅಡುಗೆಮನೆಯ ನೆಲದಲ್ಲಿ ಕೂತು ಅತ್ತುಬಿಟ್ಟಳು. ಅಪ್ಪ ಸಮಾಧಾನ ಮಾಡಲು ಹೋಗಿ, ರೆಕ್ಸಿನ್ನಿಗೂ ಚರ್ಮಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲವಾ ಎಂದು ಕೇಳಿದರು. ಗಂಡಸರು ಸಮಾಧಾನ ಮಾಡುವ ರೀತಿಯೇ ಹಾಗೆ.

"ನನಗೆ ಹೇಗೆ ಗೊತ್ತಾಗ್ಬೇಕು? ಬೂಟನ್ನು ಹೊಸ್ತಿಲು ದಾಟಿಸ್ಲಿಕ್ಕಿಲ್ಲ. ಈ ಮನೆಯೊಳಗೆ ಚರ್ಮ ಅಂತ ಇರುದು ಒಂದೇ ಒಂದು. ಅದನ್ನು ಮುಟ್ಲಿಕ್ಕಿಲ್ಲ, ಅದಕ್ಕೆ ಕುಂಕುಮ ಹಚ್ಚಿ ಆಗಿದೆ!"

ಅಮ್ಮ ಅಜ್ಜಿಯ ಎದುರು ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದು ಅದೇ ಮೊದಲು. ಅಜ್ಜಿ ಅಕ್ಕಿ ಆರಿಸುತ್ತಿದ್ದರು. ಮೊರ ಬದಿಗಿಟ್ಟು ಎದ್ದು ಹೋಗಿ ಮಲಗಿದರು. ಆ ದಿನ ಅವರು ಊಟಕ್ಕೂ ಏಳಲಿಲ್ಲ.

ಆಯುಧ ಪೂಜೆ ನಮ್ಮ ಮನೆಯ ದೊಡ್ಡ ಹಬ್ಬ. ಬೇರೆ ಹಬ್ಬ ಮರೆತರೂ ಅದನ್ನು ಮರೆಯುವವರಲ್ಲ. ಹಿಂದಿನ ದಿನವೇ ಶೆಡ್ಡು ತೊಳೆದು, ಅಜ್ಜನ ಸುತ್ತಿಗೆ, ಇಕ್ಕಳ, ಉಳಿ, ಅಪ್ಪನ ವೆಲ್ಡಿಂಗ್ ಹ್ಯಾಂಡಲ್, ಅಮ್ಮನ ಕತ್ತರಿ, ನನ್ನ ಕಂಪಾಸ್ ಪೆಟ್ಟಿಗೆ ಎಲ್ಲವನ್ನೂ ತಂದು ಅಡುಗೆಮನೆಯ ಹಲಗೆಯ ಮುಂದೆ ಸಾಲಾಗಿ ಇಡಬೇಕು. ಇಟ್ಟ ಮೇಲೆ ಯಾರೂ ಮುಟ್ಟುವಂತಿಲ್ಲ. ಪೂಜೆ ಮುಗಿದು ಮರುದಿನದವರೆಗೆ ಆಯುಧಗಳಿಗೆ ರಜೆ. ಆ ಸಲ ಬೆಳಿಗ್ಗೆ ಎಲ್ಲ ಸಾಲು ಇಟ್ಟಾಗಿತ್ತು, ಪಾಯಸ ಒಲೆಯ ಮೇಲಿತ್ತು, ನಾನು ಸ್ನಾನ ಮಾಡಿ ಹಸಿದು ಕೂತಿದ್ದೆ. ಅಜ್ಜಿ ಒಳಗೆ ಬಂದರು, ಹಲಗೆಯಿಂದ ತಿದಿಯನ್ನು ಇಳಿಸಿ ನೆಲದ ಮೇಲೆ ಬಿಡಿಸಿ ಹಾಕಿದರು. ಉಗುರಿನಿಂದ ಗೀರಿ ನೋಡಿದರು. ಮಡಿಕೆಗಳಲ್ಲಿ ಸೀಳಿತ್ತು, ಬೆಂಕಿಯ ಬದಿ ಕರಿದಾಗಿತ್ತು. ಹೊಟ್ಟೆಯ ಎರಡು ಕಡೆ ಮಾತ್ರ ಗಟ್ಟಿಯಾಗಿ, ದಪ್ಪಗೆ, ಹಾಗೇ ಇತ್ತು.

"ಏ ಮಗಾ, ಬೂಟು ತಾ."

ಅಪ್ಪನಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ?" ಎಂದು ಕೇಳಿದರು.

"ಎಲ್ಲಿಗೆ ಅಂದ್ರೆ? ಇಲ್ಲಿಗೆ. ಒಳಗೆ."

ಅಮ್ಮ ಒಲೆ ಬಿಟ್ಟು ಬಂದಳು.

"ಬೇಡ ಅತ್ತೆ. ನಾನು ಸಿಟ್ಟಿನಲ್ಲಿ ಏನೋ ಹೇಳಿದೆ. ಅದು ಮಾವಂದು. ಮತ್ತೆ ಇವತ್ತು ಆಯುಧ ಮುಟ್ಲಿಕ್ಕುಂಟಾ?"

"ಪೂಜೆ ಆಮೇಲೆ ಮಾಡುವ. ಇದು ಬೆಂಕಿ ಕಂಡದ್ದು, ಬೆಂಕಿಗೂ ಇದರ ಪರಿಚಯ ಉಂಟು. ಇಷ್ಟು ವರ್ಷ ಹತ್ತಿರ ಕೂತರೂ ಸುಡ್ಲಿಲ್ಲ ಅಲ್ವಾ? ಕತ್ತರಿ ಆಗ್ಲಿಕ್ಕಿಲ್ಲ, ಅವರ ಉಳಿ ಕೊಡು."

ಅಜ್ಜಿಯ ಬಾಯಲ್ಲಿ ಅವರು ಎಂದರೆ ಯಾವಾಗಲೂ ಅಜ್ಜ. ಅಮ್ಮ ಕೈ ಮುಂದೆ ಮಾಡಲಿಲ್ಲ. ಅಜ್ಜಿ ತಾವೇ ಸಾಲಿನಿಂದ ಉಳಿ ಎತ್ತಿಕೊಂಡರು, ಮಣೆಯ ಮೇಲೆ ತಿದಿಯನ್ನು ಇಟ್ಟು, ಬೂಟಿನ ಅಳತೆಗೆ ಇದ್ದಿಲಿನಿಂದ ಗೆರೆ ಎಳೆದರು. ಗೆರೆಯ ಮೇಲೆ ಉಳಿ ಇಟ್ಟು ಪೆಟ್ಟು ಹಾಕಿದರು. ಕಮ್ಮಾರನ ಹೆಂಡತಿ, ಉಳಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಪ್ಪ ಹಿಂದಿನಿಂದ ಮೆಲ್ಲನೆ, ಹರಳೆಣ್ಣೆ ಕುಡಿದ ಚರ್ಮ ಕಿಡಿಗೆ ಹೊತ್ತಿಕೊಳ್ಳುತ್ತದೆ ಎಂದರು. ಕತ್ತರಿಸಿದ ತುಂಡುಗಳನ್ನು ಅಂಟುವಾಳಕಾಯಿಯ ನೊರೆಯಲ್ಲಿ ಮತ್ತೆ ಮತ್ತೆ ತಿಕ್ಕಿ, ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ಗಾಳಿಗೆ ಹಾಕಿದ್ದಾಯಿತು. ಅರೆ ಒಣಗಿದ್ದನ್ನು ಅಮ್ಮ ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದಳು. ಈ ಸಲ ದಾರ ಮೇಲೆ ಕಾಣದಂತೆ, ಕಿಡಿ ಕೂರಲು ಒಂದು ಮಡಿಕೆಯೂ ಇಲ್ಲದಂತೆ. ಹಿಂದೆ ಕಟ್ಟುವ ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ ಮಾಡಬೇಕು, ಒಳಗೆ ಏನಾದರೂ ಬಿದ್ದರೆ ಗಂಟು ಬಿಡಿಸುತ್ತ ಕೂರಲಾಗುವುದಿಲ್ಲ ಎಂದು ಅಪ್ಪ ಹೇಳಿಕೊಟ್ಟರು. ಇಷ್ಟೆಲ್ಲ ಆಗುವಷ್ಟರಲ್ಲಿ ಹೊತ್ತು ಇಳಿದಿತ್ತು, ಪಾಯಸ ಆರಿ ಗಟ್ಟಿಯಾಗಿತ್ತು, ಹಸಿವಿನಿಂದ ನಾನು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಕೊನೆಗೆ ಅಜ್ಜಿ ಬೂಟನ್ನು ಒರೆಸಿ, ಹೊದಿಕೆ ಕಟ್ಟಿ, ಸುತ್ತಿಗೆ ಮತ್ತು ಇಕ್ಕಳದ ನಡುವೆ ಜಾಗ ಮಾಡಿ ಇಟ್ಟರು. ಆಮೇಲೆ ಪೂಜೆ ಮಾಡಿದರು. ಮಂಗಳಾರತಿ ಎತ್ತುವಾಗ ಅಮ್ಮ ಅಳುತ್ತಿದ್ದಳು. ಅಜ್ಜಿ ಅವಳನ್ನು ನೋಡಿ, ಹೊಗೆ ಜಾಸ್ತಿಯಾಯಿತು, ಕಿಟಕಿ ತೆರೆ ಎಂದರು.

ಹಬ್ಬ ಕಳೆದು ಅಪ್ಪ ಯಾರ್ಡಿಗೆ ಹೊರಟ ಬೆಳಿಗ್ಗೆ ಬೂಟು ಮತ್ತೆ ತನ್ನ ಕಲ್ಲಿನ ಮೇಲಿತ್ತು. ಒಂದು ದಿನ ಒಳಗೆ ಬಂತೆಂದು ದಿನಾ ಬರಲು ಅದು ನೆಂಟನಲ್ಲ ಎಂದು ಅಜ್ಜಿಯ ಮಾತು. ಆದರೆ ದೇವರಿಗೆ ಹಚ್ಚಿದ ಮೇಲೆ ಬೆರಳಲ್ಲಿ ಕುಂಕುಮ ಉಳಿದಿತ್ತು, ಹಲಗೆಯ ಮೇಲೆ ತಿದಿ ಇರಲಿಲ್ಲ. ಅಜ್ಜಿ ಹೊರಗೆ ಬಂದು, ಮೆಟ್ಟಿಲಿನಲ್ಲಿ ಬೂಟು ಕಟ್ಟುತ್ತಿದ್ದ ಅಪ್ಪನ ಮುಂದೆ ಬಗ್ಗಿ, ಎರಡೂ ಹೊದಿಕೆಗೆ ಬೊಟ್ಟು ಇಟ್ಟರು. ತಾಯಿ ತನ್ನ ಕಾಲಿನ ಹತ್ತಿರ ಬಗ್ಗಿದ್ದಕ್ಕೆ ಅಪ್ಪ ಗಾಬರಿಯಾಗಿ ಕಾಲು ಹಿಂದೆಳೆದುಕೊಂಡರು.

"ನಿನ್ನ ಕಾಲಿಗಲ್ಲ ಮಾರಾಯ, ಅವರಿಗೆ. ಕಾಲು ಜಾಗ್ರತೆ."

"ಆಯ್ತಮ್ಮ."

ಅಂದಿನಿಂದ ಪ್ರತಿ ಬೆಳಿಗ್ಗೆ ಇದೇ ನಡೆಯಿತು. ಅದೇ ಬೊಟ್ಟು, ಅದೇ ಮಾತು, ಅದೇ ಉತ್ತರ. ಯಾರ್ಡಿನಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರಂತೆ. "ಬೂಟಿನುಂ ಪೂಜಯೋ ವಾಸುವೇಟ್ಟಾ?" ಎಂದು ಜೋಸೆಫ್‌ಚೇಟ್ಟನ್ ನಮ್ಮ ಮನೆಯಲ್ಲೇ ಅಪ್ಪನನ್ನು ಕೇಳುತ್ತಿದ್ದ, ಬೂಟಿಗೂ ಪೂಜೆಯಾ ವಾಸಣ್ಣ ಎಂದು. ಸಂಜೆ ಬೂಟು ಕಲ್ಲಿಗೆ ಬಂದಾಗ ಮೊದಲು ನೋಡುವವರು ಈಗ ಅಮ್ಮನಲ್ಲ, ಅಜ್ಜಿ. ಕುಂಕುಮ ಕೆಂಪಾಗೇ ಉಳಿದಿದ್ದರೆ "ಇವತ್ತು ಎಂತ, ಕೆಲಸ ಇರ್ಲಿಲ್ವಾ?" ಎನ್ನುತ್ತಿದ್ದರು. ಕಪ್ಪಗಾಗಿ ಗುರುತೇ ಸಿಗದಿದ್ದರೆ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ನನ್ನ ಭರಣಿಗೆ ಕಾಳು ಬರುವುದು ನಿಂತುಹೋಯಿತು. ಆಗ ನನಗೆ ಅದು ದೊಡ್ಡ ನಷ್ಟವಾಗಿ ಕಂಡಿತ್ತು. ಹಳೆಯ ಬೂಟು ಹೋಗಿ ಹೊಸದು, ಅದೂ ಹೋಗಿ ಮತ್ತೊಂದು ಬಂದರೂ ಹೊದಿಕೆ ಅದೇ ಉಳಿಯಿತು. ಅಪ್ಪನ ಬೆರಳೂ ಉಳಿಯಿತು. ಶಾಲೆಗೆ ಹೊರಡುವ ನನಗೂ ಮೀನಿನ ಮಾರ್ಕೆಟ್ಟು ದಾಟಿ ಪೇಟೆಗೆ ಹೊರಡುವ ಅಮ್ಮನಿಗೂ ಅಜ್ಜಿ ಅದನ್ನೇ ಹೇಳತೊಡಗಿದರು. ನಾನು ಕೆಲಸ ಸಿಕ್ಕಿ ತಿರುವನಂತಪುರದ ಸರ್ಕಾರಿ ಕಚೇರಿಯ ಫೈಲುಗಳ ನಡುವೆ ಕೂರಲು ಹೊರಟ ದಿನವೂ ಅದೇ ಹೇಳಿದರು. ಫೈಲು ಕಾಲಿನ ಮೇಲೆ ಬಿದ್ದರೆ ನೋವಾಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ಅಜ್ಜಿ ತೀರಿಕೊಂಡದ್ದು ಅದೇ ಮನೆಯಲ್ಲಿ, ಒಂದು ಮಧ್ಯಾಹ್ನ, ಯಾರನ್ನೂ ಹೆಚ್ಚು ಕಾಯಿಸದೆ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯಿಲ್ಲ. ನಾನು ಹೋದೆ, ಯಾರೂ ತಡೆಯಲಿಲ್ಲ. ಅಪ್ಪ ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ಸುತ್ತು ಬಂದು ಕೊಳ್ಳಿ ಇಟ್ಟರು. ಶೆಡ್ಡಿನ ಆ ಭಾನುವಾರದ ನಂತರ ಅವರು ಬೆಂಕಿಯ ಮುಂದೆ ಬರಿಗಾಲಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ. ಎಡಗಾಲಿನ ಹೆಬ್ಬೆರಳಿನ ಪಕ್ಕದ ಬಿಳಿ ಕಲೆ ದೂರದಿಂದಲೇ ಕಾಣುತ್ತಿತ್ತು. ಸೌದೆ ಹತ್ತಿಕೊಂಡು ಚಿಟಿಚಿಟಿ ಎಂದು ಸಿಡಿಯತೊಡಗಿತು. ಒಂದು ಕಿಡಿ ಹಾರಿ ಅವರ ಪಾದದ ಹತ್ತಿರವೇ ಬಿತ್ತು. ಅಪ್ಪ ತಲೆ ಬಗ್ಗಿಸಿ ತಮ್ಮ ಕಾಲು ನೋಡಿಕೊಂಡರು. ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಆಯ್ತಮ್ಮ," ಅಂದರು.